ಅಳತೆ ೧:೫೦

ಐಸ್ ಫ್ಯಾಕ್ಟರಿ ಮುಚ್ಚಿ ಹದಿನೇಳು ವರ್ಷ.
ಬೀಗದ ಕೈ ಸೊಸೈಟಿ ಕಚೇರಿಯಲ್ಲಿಲ್ಲ,
ಬೈತಖೋಲದ ಚಹಾದಂಗಡಿಯಲ್ಲಿದೆ,
ಕ್ಯಾಲೆಂಡರಿನ ಹಿಂದಿನ ಮೊಳೆಗೆ.

ನಾನು ತಂದದ್ದು ಮೂವತ್ತು ಮೀಟರಿನ ಟೇಪು,
ತಮ್ಮನ ಗಾಳದ ದಾರಕ್ಕೆ ಕಟ್ಟಿದ ಸೀಸದ ಗುಂಡು,
ಕಾಲೇಜಿನ ಪುಸ್ತಕಗಳಿಂದ ಮೊಬೈಲಿನಲ್ಲಿ ಹಿಡಿದ
ಇನ್ನೂರ ಹನ್ನೊಂದು ಪುಟ:
ಸಪಾಟು ಮಾಡು, ನೆಲ ಬಿಟ್ಟೆದ್ದ ಕಂಬಗಳು,
ಉದ್ದಕ್ಕೂ ಸೀಳಿದಂಥ ಕಿಟಕಿ,
ಯಾವ ಊರಿನದೂ ಅಲ್ಲದ, ಹಾಗಾಗಿ
ಎಲ್ಲ ಊರಿನದೂ ಆಗಬೇಕಿದ್ದ ಬಿಳಿ.

ಇಲ್ಲಿ ಬಿಳಿ ಉಳಿದಿಲ್ಲ.
ಸಪಾಟು ಮಾಡಿನ ಮೇಲೆ ನೀರು ನಿಂತು
ಯಾರೋ ತಗಡು ಹೊದಿಸಿ
ತಗಡೂ ಒಂದು ರಾತ್ರಿ ಹಾರಿಹೋಗಿ
ಉಳಿದದ್ದು ಬೋಲ್ಟುಗಳು.
'ಆಧುನಿಕತೆಗೆ ಕಾರವಾರದ ಜೂನ್ ಗೊತ್ತಿರಲಿಲ್ಲ'
ಎಂದು ಬರೆದೆ. ಚೆನ್ನಾಗಿದೆ ಅನ್ನಿಸಿತು.
ಕೆಳಗೆ ಗೆರೆಯನ್ನೂ ಎಳೆದೆ.

ಕಟ್ಟಡ ಕಲ್ಪಿಸಿದವರು ಯಾರು?
ರೆಕಾರ್ಡ್ ರೂಮಿನಲ್ಲಿ ಒಂದೇ ನೀಲಿ ಹಾಳೆ.
ಪರಿಶೀಲಿಸಿದವರ ಸಹಿ ಇದೆ, ಒಪ್ಪಿದವರ ಸಹಿ ಇದೆ,
ಚಿತ್ರಿಸಿದವರು: ವಿ. ಜಿ.
ಮುಂದಿನದು ಗೆದ್ದಲಿಗೆ.

ತೊಡಕಾದದ್ದು ಪಡುಗೋಡೆ.
ಗಿಲಾವಿಲ್ಲದ ಕಾಂಕ್ರೀಟಿನ ಮೇಲೆ
ಅಚ್ಚಿನ ಹಲಗೆಯ ನಾರುನಾರು ಗುರುತು;
ಅದು ಪುಸ್ತಕದಲ್ಲೂ ಉಂಟು, ಅರವತ್ತನೆಯ ಪುಟ.
ಪುಸ್ತಕದಲ್ಲಿ ಇಲ್ಲದ್ದು
ಪ್ರತಿ ಹಲಗೆಯ ಅಂಚಿಗೂ ಎರಡೆರಡು ಬೆರಳಿಗೊಂದು
ಅವರೆಕಾಳಿನಷ್ಟು ಗುಬ್ಬಿ,
ಸಾಲಾಗಿ, ಬೆನ್ನುಮೂಳೆಯ ಹಾಗೆ.
ಗೆರೆಗಳೂ ನೇರ ಇಲ್ಲ, ತುದಿಗೆ ಹೋಗುತ್ತ
ಮೆಲ್ಲಗೆ ಮೇಲೇಳುತ್ತವೆ.

ಫೋನಿನಲ್ಲಿ ಗೈಡು: 'ದೋಷ ಅಂತ ಹಾಕು.
ಗಿಲಾವು ತೋರಿಸು. ಸೋಮವಾರ ಶೀಟು ಬೇಕು.'

ಕಂಬಗಳ ನಡುವೆ, ಪುಸ್ತಕದ ಪ್ರಕಾರ
ಕಾರು ನಿಲ್ಲಬೇಕಾದ ನೆರಳಿನಂಚಿನಲ್ಲಿ,
ಸಿಗಡಿ ಹರವಿಕೊಂಡಿದ್ದಳು ಮಂಕಾಳಿ.
'ಎಂಥದೇ ಹುಡುಗಿ, ಗೋಡೆಗೆ ಸಿಡುಬು ಬಂದದ್ಯಾ,
ಅಷ್ಟು ಸವರ್ತೀಯಲ್ಲ?
ಹೊಲಿಗೆ ಅದು. ನಮ್ಮ ಮಾವನ ದೋಣಿ.'

ಘಟ್ಟದ ದಾರಿ ಕುಸಿದು
ಹುಬ್ಬಳ್ಳಿಯ ಹಲಗೆ ಬರಲಿಲ್ಲವಂತೆ.
ಕಂತ್ರಾಟುದಾರ ದಿನಕ್ಕೆ ಎಂಟಾಣೆ ಬಾಡಿಗೆ ಹೇಳಿದನಂತೆ.
ಮೊಳೆಯಿಲ್ಲದ ದೋಣಿ, ಕತ್ತದ ಹುರಿಯಲ್ಲಿ ಹೊಲಿದದ್ದು;
ಹುರಿ ಕೊಯ್ದರೆ ಬರೀ ಹಲಗೆ.
ತೂತು ಮುಚ್ಚುವ ವ್ಯವಧಾನ ಯಾರಿಗಿತ್ತು?
ಕಾಂಕ್ರೀಟು ತೂತಿಗೂ ಇಳಿಯಿತು.
ಕಿತ್ತಾಗ ಅರ್ಧ ಸೀಳಿದವು, ಅರ್ಧ ಒಲೆಗೆ.
'ನಾನು ಮದುವೆಯಾಗಿ ಬರೂದರೊಳಗೆ
ದೋಣಿ ಗೋಡೆಯಾಗಿತ್ತು.
ಮಾವ ಇಲ್ಲೇ ಐಸು ಒಡೀಲಿಕ್ಕೆ ಸೇರಿದ್ದ.'

ಹೆಸರೇನು ಅವರದು, ಪೆನ್ನು ತೆಗೆದೆ.
ಮಂಕಾಳಿ ನನ್ನನ್ನು ನೋಡಿದ ರೀತಿ!
'ಮಾವನ ಹೆಸರು ಬಾಯಲ್ಲಿ ಹೇಳ್ತಾರನೇ?'

ಬೆರಳಿಂದ ಗುಬ್ಬಿ ಎಣಿಸಿದೆ. ಬಾಗು ಅಳೆದೆ.
ಇಪ್ಪತ್ತಾರು ಅಡಿಯ ದೋಣಿ;
ನನ್ನ ಹಾಳೆಯಲ್ಲಿ ಹದಿನಾರು ಸೆಂಟಿಮೀಟರು.
ಅಚ್ಚಾದದ್ದರಿಂದ ಎಲ್ಲ ತಿರುಗುಮುರುಗು,
ತೂತು ಗುಬ್ಬಿಯಾಗಿ, ಎಡ ಬಲವಾಗಿ,
ನೀರು ತಾಕದ ಕಡೆ ಗಾಳಿಗೆ ಒಡ್ಡಿಕೊಂಡು.

'ಇದನ್ನ ಎಂತ ಮಾಡ್ತೀ ಕಡೆಗೆ?'
ಕೆಳಗೆ ಓದುಮನೆ, ಮೇಲೆ ಪ್ರದರ್ಶನದ ಹಜಾರ.
'ಐಸು?'
ಐಸಿಲ್ಲ.
'ಮೀನು?'
ನಕ್ಷೆ ಮಡಚಿದೆ, ಗಾಳಿಗೆ ಎಂಬಂತೆ.

ಕೆಡಹುವುದಕ್ಕೆ ಹಳದಿ, ಹೊಸದಕ್ಕೆ ಕೆಂಪು,
ಉಳಿಸುವುದಕ್ಕೆ ಬೂದು. ಇಷ್ಟೇ ಬಣ್ಣ ನಮಗೆ.
ಭಾನುವಾರ ರಾತ್ರಿ ಗಿಲಾವಿನ ಗೆರೆ ಉಜ್ಜಿ ತೆಗೆದು
ಬರೀ ಸೀಸದಲ್ಲಿ ಚುಕ್ಕೆ ಇಡುತ್ತ ಹೋದೆ,
ಒಂದು, ಇನ್ನೊಂದು, ಹೊಲಿಗೆ ಹಾಕುವವರ ಹಾಗೆ ಬಗ್ಗಿ.
ನೂರ ಎಪ್ಪತ್ತಮೂರಕ್ಕೆ ಮೊನೆ ಮುರಿಯಿತು.
ಕೈಯಲ್ಲಿ ಇನ್ನೂ ಸಿಗಡಿಯ ವಾಸನೆ.